ಬಾಯಿ ತೆರೆದು ನೋಡಿದ ಹಳ್ಳಿ

ಗುಡ್ಡದ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಪ್ರಾಯದಲ್ಲಿ ಒಂದು ರಜೆಯ ಹೊತ್ತಿನಲ್ಲಿ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಚಿತ್ರ ಬರೆಯುವುದನ್ನು ಕಲಿಸಲು ಹೋದರು. ಮಕ್ಕಳು ಕಾಗದ ಬಿಟ್ಟು ಗೋಡೆಗೆ ಬಣ್ಣ ಬಳಿದವು, ಮನೆ ಮಾಲೀಕ ಬಂದು ರಂಪ ಮಾಡಿದ, ಶಾಲೆ ಎದ್ದ ವಾರದಲ್ಲೇ ಮಲಗಿತು. ಮೇಷ್ಟ್ರು ಎನ್ನುವ ಹೆಸರೊಂದು ಅಂಟಿಕೊಂಡು ಉಳಿಯಿತು. ಗುಡ್ಡ ಬಂದು ಅದಕ್ಕೆ ಸೇರಿಕೊಂಡದ್ದು ಆಮೇಲೆ, ಫರ್ನಿಚರ್ ಅಂಗಡಿಗಳ ಸಹವಾಸದಿಂದ.

ಅವರ ಕಸುಬೇ ಅದು. ಸೋಫಾ ಕೊಂಡವರಿಗೆ ಸೋಫಾದ ಹಿಂದಿನ ಗೋಡೆ ಬೋಳುಬೋಳಾಗಿ ಕಾಣುತ್ತದಲ್ಲ, ಅದಕ್ಕೊಂದು ಹಳ್ಳಿಯ ಚಿತ್ರ ಬೇಕು. ಎಡಕ್ಕೊಂದು ಗುಡ್ಡ, ಬಲಕ್ಕೊಂದು ಗುಡ್ಡ, ನಡುವೆ ಇಣುಕುವ ಸೂರ್ಯ. ಸೂರ್ಯನ ಕೆಳಗೆ ಹೊಳೆ, ಹೊಳೆಯ ದಡದಲ್ಲಿ ಗುಡಿಸಲು, ಗುಡಿಸಲ ಪಕ್ಕ ಮರ, ಮರದ ಕೆಳಗೆ ಹಸು. ಜಾಗ ಮಿಕ್ಕರೆ ಹಕ್ಕಿಗಳು. ಹಸಿರು ಸೋಫಾಕ್ಕೆ ಹಸಿರು ಗುಡ್ಡ, ಕಂದು ಸೋಫಾಕ್ಕೆ ಕಂದು ಗುಡ್ಡ. ವ್ಯತ್ಯಾಸ ಅಷ್ಟೇ. ಮೇಷ್ಟ್ರು ಹುಟ್ಟಿ ಬೆಳೆದದ್ದು ಪೇಟೆಯ ನಟ್ಟನಡುವೆ, ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಮಹಡಿಯಲ್ಲಿ. ಹಳ್ಳಿಯನ್ನು ಅವರು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ನಿದ್ದೆ ಬಾರದೆ ಇದ್ದಾಗ. ಆದರೇನು, ಕೈಗೆ ಹಳ್ಳಿ ಬಾಯಿಪಾಠವಾಗಿತ್ತು. ರೇಡಿಯೋ ಕೇಳುತ್ತಾ, ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುತ್ತಾ, ಒಮ್ಮೊಮ್ಮೆ ಹೆಂಡತಿಯ ಜೊತೆ ಜಗಳವಾಡುತ್ತಾ ಬರೆದು ಬಿಸಾಕುತ್ತಿದ್ದರು.

ಬರೆದದ್ದನ್ನು ಒಣಗಿಸುವುದು ಹೆಂಡತಿಯ ಪಾಲಿನ ಕೆಲಸ. ಮನೆಯಲ್ಲಿದ್ದದ್ದು ಒಂದೇ ದೊಡ್ಡ ಕೋಣೆ. ಅಲ್ಲೇ ಬರೆಯಬೇಕು, ಅಲ್ಲೇ ಉಣ್ಣಬೇಕು, ಅಲ್ಲೇ ಹಾಸಿಗೆ ಬಿಚ್ಚಬೇಕು. ಚಿತ್ರ ಮುಗಿಯುತ್ತಿದ್ದಂತೆ ಹೆಂಡತಿ ಬಂದು, "ಮುಗೀತಾ? ಕೊಡಿ ಇಲ್ಲಿ, ದಾರಿ ಬಿಡಿ" ಎಂದು ಹಸಿ ಚಿತ್ರವನ್ನು ಎರಡು ಕೈಯಲ್ಲಿ ಹಿಡಿದು ಹಿಂದಿನ ಬಾಲ್ಕನಿಗೆ ಒಯ್ಯುತ್ತಿದ್ದಳು. ಅಲ್ಲಿ ಒಣಗಿದ ಬಟ್ಟೆ ತೆಗೆದು ಚಿತ್ರ ಇಟ್ಟು, ತಿರುಗಿ ಬಂದು ಪಾತ್ರೆ ತಿಕ್ಕುತ್ತಿದ್ದಳು. ಚೆನ್ನಾಗಿದೆ ಎಂದಿಲ್ಲ, ಕೆಟ್ಟದಾಗಿದೆ ಎಂದಿಲ್ಲ. ಮದುವೆಯಾದ ಹೊಸತರಿಂದ ಹಿಡಿದು ಸೊಸೆ ಮನೆಗೆ ಬರುವವರೆಗೂ ಇದೇ ಕಥೆ.

ಮೇಷ್ಟ್ರ ಎದೆಯಲ್ಲಿ ಇದ್ದ ಮುಳ್ಳೆಂದರೆ ಇದೊಂದೇ. ಊರವರು ನೋಡದಿದ್ದರೆ ಬೇಡ, ಕಟ್ಟಿಕೊಂಡವಳು ಒಂದು ಸಲ ನಿಂತು ನೋಡಬಾರದೆ? ಒಮ್ಮೆ ಪರೀಕ್ಷೆ ಮಾಡೋಣವೆಂದು ಬೇಕೆಂದೇ ಹಸುವಿಗೆ ಗಿಳಿಹಸಿರು ಬಣ್ಣ ಬಳಿದರು. ಸೂರ್ಯನನ್ನು ನೀಲಿ ಮಾಡಿದರು. ಹೆಂಡತಿ ಬಂದಳು, ಚಿತ್ರ ಎತ್ತಿಕೊಂಡಳು.

"ಏನೂ ಅನ್ನಿಸ್ತಿಲ್ವಾ ನಿಂಗೆ?" ಎಂದು ಮೇಷ್ಟ್ರು ಆಸೆಯಿಂದ ಕೇಳಿದರು.

"ಅನ್ನಿಸ್ತಿದೆ. ಅಂಚು ಒರೆಸಿ ಕೊಡಿ ಅಂತ ಎಷ್ಟು ಸಲ ಬಡ್ಕೊಳ್ಲಿ? ನೋಡಿ, ಕೈಯೆಲ್ಲ ಬಣ್ಣ!"

ಅವತ್ತೇ ಮೇಷ್ಟ್ರು ತೀರ್ಮಾನ ಮಾಡಿಬಿಟ್ಟರು. ಇವಳಿಗೆ ತನ್ನ ಚಿತ್ರವೂ ಒಂದೇ, ಒಗೆದ ಚಾದರವೂ ಒಂದೇ. ಆ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಂಡರೆ ನಗುತ್ತಾರೆ. ನುಂಗಿಕೊಂಡು ಇನ್ನೊಂದು ಗುಡ್ಡ ಬರೆದರು.

ಸೊಸೆ ಹಲ್ಲಿನ ಡಾಕ್ಟರು. ಮನೆಯಿಂದ ಎರಡು ಬೀದಿ ಆಚೆ, ಬೇಕರಿಯ ಮೇಲೆ, ಬಾಡಿಗೆಗೆ ಹಿಡಿದ ಕೋಣೆಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದಿದ್ದಳು. ಕುರ್ಚಿ ಹೊಸದು, ದೀಪ ಹೊಸದು, ಗೋಡೆಗೆ ಹೊಸ ಸುಣ್ಣ. ಆದರೆ ಹಾಳಾದ್ದು ಚಾವಣಿ! ಕುರ್ಚಿಗೆ ನೇರ ಮೇಲೆ ತೇವ ಕುಳಿತು ಕಂದು ಬಣ್ಣದ ದೊಡ್ಡ ಕಲೆ. ಎಷ್ಟು ಸಲ ಬಳಿದರೂ ಮತ್ತೆ ಮೂಡುತ್ತಿತ್ತು. ಹಲ್ಲು ತೋರಿಸಲು ಮಲಗಿದವರ ಕಣ್ಣು ಹೋಗುವುದು ಇನ್ನೆಲ್ಲಿಗೆ? ಒಬ್ಬರಂತೂ ಬಾಯಿ ಮುಚ್ಚಿಕೊಂಡು, "ಮೊದ್ಲು ಇದು ಮೇಲೆ ಬೀಳಲ್ಲ ಅಂತ ಬರೆದುಕೊಡಿ, ಆಮೇಲೆ ಹಲ್ಲು ಮುಟ್ಟಿ" ಎಂದು ಹಟ ಹಿಡಿದಿದ್ದರು.

"ಮಾವ, ಅಲ್ಲೊಂದು ಚಿತ್ರ ಬರೆದುಕೊಡ್ತೀರಾ? ಕಲೆ ಮುಚ್ಚಿದ ಹಾಗೂ ಆಗುತ್ತೆ, ಬಂದವರಿಗೆ ಸಮಾಧಾನಾನೂ ಆಗುತ್ತೆ" ಎಂದಳು ಸೊಸೆ, ಊಟಕ್ಕೆ ಕೂತಾಗ.

"ನೋಡೋಣಮ್ಮ, ಬಿಡುವಾದಾಗ" ಎಂದರು ಮೇಷ್ಟ್ರು ಗಂಭೀರವಾಗಿ. ಕೈ ತೊಳೆದವರೇ ಕುಂಚದ ಚೀಲ ಕಟ್ಟತೊಡಗಿದ್ದನ್ನು ಎಲ್ಲರೂ ನೋಡಿದರು.

ಮೇಷ್ಟ್ರಿಗೆ ಅಷ್ಟು ಹುರುಪು ಬಂದದ್ದು ಸುಮ್ಮನೆ ಅಲ್ಲ. ಅವರ ಎದುರಿಗೆ ಹೆಂಡತಿ ಕೂತು ಎಡಗಡೆಯ ದವಡೆಯಲ್ಲೇ ಅಗಿಯುತ್ತಿದ್ದಳು. ಬಲಗಡೆಯ ದವಡೆ ಹಲ್ಲು ಹುಳುಕಾಗಿ ವರ್ಷವಾಗಿತ್ತು. ಮನೆಯಲ್ಲೇ ಡಾಕ್ಟರಿದ್ದರೂ ಕುರ್ಚಿಯ ಹೆಸರೆತ್ತಿದರೆ ಸಾಕು, ಅವಳಿಗೆ ತಕ್ಷಣ ಬೇರೆ ಕೆಲಸ ನೆನಪಾಗುತ್ತಿತ್ತು. ಲವಂಗ ಇಟ್ಟುಕೊಂಡು ದಿನ ತಳ್ಳುತ್ತಿದ್ದಳು. ಆದರೆ ಎಷ್ಟು ದಿನ ತಳ್ಳುತ್ತಾಳೆ? ಇವತ್ತಲ್ಲ ನಾಳೆ ಅವಳು ಆ ಕುರ್ಚಿಯಲ್ಲಿ ಮಲಗಲೇಬೇಕು. ಮಲಗಿದರೆ ಮೇಲೆ ನೋಡಲೇಬೇಕು. ಎದ್ದು ಹೋಗುವ ಹಾಗಿಲ್ಲ, ಪಾತ್ರೆ ತಿಕ್ಕುವ ಹಾಗಿಲ್ಲ, ಅಂಚು ಒರೆಸಿ ಎನ್ನಲು ಬಾಯಿಯೂ ಇರುವುದಿಲ್ಲ! ಅರ್ಧ ಗಂಟೆ ತನ್ನ ಚಿತ್ರ, ಅವಳ ಕಣ್ಣು, ನಡುವೆ ಯಾರೂ ಇಲ್ಲ. ಈ ಯೋಚನೆ ಬಂದದ್ದೇ ಮೇಷ್ಟ್ರಿಗೆ ಅನ್ನ ಸೇರಲಿಲ್ಲ.

ಎರಡು ಏಣಿಗೆ ಅಡ್ಡ ಹಲಗೆ ಕಟ್ಟಿ, ಅದರ ಮೇಲೆ ಅಂಗಾತ ಮಲಗಿ ಬರೆದರು. ಬಣ್ಣ ಕನ್ನಡಕದ ಮೇಲೆ ತೊಟ್ಟಿಕ್ಕಿತು, ಮೂಗಿನೊಳಗೆ ಹೋಯಿತು, ಕತ್ತು ಒಂದು ಕಡೆಗೆ ಸೆಟೆದು ನಿಂತಿತು. ಕ್ಲಿನಿಕ್ಕಿಗೆ ರಜೆ ಇದ್ದ ದಿನಗಳಲ್ಲೆಲ್ಲ ಹೀಗೆ ಒದ್ದಾಡಿ, ಎರಡು ಗುಡ್ಡ, ಸೂರ್ಯ, ಹೊಳೆ, ಗುಡಿಸಲು, ಮರ, ಹಸು, ಹಕ್ಕಿ ಎಲ್ಲವನ್ನೂ ಕಲೆಯ ಮೇಲೆ ಹರಡಿ ಕೆಳಗಿಳಿದರು. ಸೊಸೆ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಲಿನಿಂದ ಗುಂಡಿ ಒತ್ತಿ ಮಲಗಿಸಿ ತೋರಿಸಿದಳು. ಅಬ್ಬಾ, ಎಂಥ ಹಳ್ಳಿ! ಮೇಷ್ಟ್ರಿಗೆ ತಮ್ಮ ಮೇಲೇ ಪ್ರೀತಿ ಉಕ್ಕಿತು.

ಮಾರನೆಯ ದಿನ ಸೊಸೆಯ ಊಟದ ಡಬ್ಬಿ ಕೊಡುವ ನೆಪ ಮಾಡಿಕೊಂಡು ಹೋಗಿ, ಹೊರಗಿನ ಬೆಂಚಿನ ಮೇಲೆ ಹೊಗಳಿಕೆಗೆ ಕಾದು ಕೂತರು. ಮೊದಲು ಹೊರಗೆ ಬಂದವನು ಒಬ್ಬ ಬಸ್ ಡ್ರೈವರ್. ಕೆನ್ನೆ ಹಿಡಿದುಕೊಂಡು, ಅರ್ಧ ಬಾಯಲ್ಲೇ, "ಮೇಲೆ ಬರೆದೋರು ನೀವೇನಾ?" ಎಂದ.

"ನಾವೇ" ಎಂದರು ಮೇಷ್ಟ್ರು, ಶರಟಿನ ಕಾಲರ್ ಸರಿಮಾಡಿಕೊಂಡು.

"ಹೊಳೆ ಗುಡ್ಡ ಹತ್ತುತ್ತಾ ಇದೆಯಲ್ಲ ಸಾರ್. ನೀರು ಕೆಳಗಿಂದ ಮೇಲಕ್ಕೆ ಹೋಗ್ತಿದೆ. ನಾನು ಮೂರು ಸಲ ನೋಡ್ದೆ."

ಮೇಷ್ಟ್ರು ಅವನನ್ನು ತಿಂದುಬಿಡುವ ಹಾಗೆ ನೋಡಿದರು. ಡ್ರೈವರಿಗೆ ಚಿತ್ರಕಲೆಯ ಗಂಧಗಾಳಿ ಏನು ಗೊತ್ತು, ಹೋಗಲಿ ಬಿಡು ಎಂದುಕೊಂಡರು. ಅವನ ಹಿಂದೆಯೇ ಒಬ್ಬ ಟೀಚರಮ್ಮ ಬಂದರು. ಸೂರ್ಯ ಗುಡ್ಡದ ಹಿಂದೆ ಇದ್ದಮೇಲೆ ಮರದ ನೆರಳು ಈಚೆಗೆ ಬೀಳಬೇಕು, ಅದು ಸೂರ್ಯನ ಕಡೆಗೇ ಹೋಗಿ ಬಿದ್ದಿದೆಯಲ್ಲ, ಯಾಕೆ ಎಂದು ಕೇಳಿದರು. ಕೇಳಿದ ಧಾಟಿ ನೋಡಿದರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಬೇಕಾಗಿತ್ತು. ಮೂರನೆಯವನು ದರ್ಜಿ. ತನ್ನ ತಲೆಯ ಒಂದೇ ಪಕ್ಕದಲ್ಲಿ ಎರಡು ಬೆರಳು ನಿಲ್ಲಿಸಿ ತೋರಿಸಿ, "ಹಸು" ಎಂದು ಹೇಳಿ ಮೆಟ್ಟಿಲಿಳಿದು ಹೋದ.

ಒಳಗಿನಿಂದಲೂ ಟೀಕೆ ಬರುತ್ತಿತ್ತು. ಬಾಯಲ್ಲಿ ಹತ್ತಿ, ಕೊಳವೆ, ಕನ್ನಡಿ ಮೂರನ್ನೂ ಇಟ್ಟುಕೊಂಡು ಜನ ಆಡುವ ಮಾತು ಸೊಸೆಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಹಲ್ಲಿನ ಡಾಕ್ಟರುಗಳ ವಿದ್ಯೆ ಅದು. ರೋಗಿ "ಆ… ಅಆ… ಆಆ" ಎಂದು ಬೆರಳು ಮೇಲಕ್ಕೆ ತೋರಿಸಿದರೆ, "ಹೌದು, ಗಾಳಿಗೆ ಮರ ಆ ಕಡೆ ಬಾಗಿದೆ, ಗುಡಿಸಲ ಹೊಗೆ ಈ ಕಡೆ ಹೋಗ್ತಿದೆ, ನಮ್ಮ ಮಾವನಿಗೆ ಹೇಳ್ತೀನಿ, ನೀವು ಬಾಯಿ ಅಗಲ ಮಾಡಿ" ಎನ್ನುತ್ತಿದ್ದಳು.

ಅಲ್ಲಾ, ಇಷ್ಟು ವರ್ಷ ಎಷ್ಟು ಸಾವಿರ ಗುಡ್ಡ ಮಾರಿದ್ದಾರೆ, ಒಬ್ಬನಾದರೂ ಕೇಳಿದ್ದನೇ? ಆ ರಾತ್ರಿ ಹಾಸಿಗೆಯಲ್ಲಿ ಹೊರಳುತ್ತಿದ್ದ ಮೇಷ್ಟ್ರಿಗೆ ಉತ್ತರ ಹೊಳೆದು, ಧಡಕ್ಕನೆ ಎದ್ದು ಕೂತರು. ಸೋಫಾ! ಸೋಫಾದ ಹಿಂದಿನ ಗೋಡೆ! ಅಲ್ಲಿ ಕೂತವರ ಬೆನ್ನು ತಾನೇ ಚಿತ್ರದ ಕಡೆಗೆ ಇರುವುದು! ಇಡೀ ಜನ್ಮ ಅವರು ಚಿತ್ರ ಬರೆದದ್ದು ಜನರ ಬೆನ್ನಿಗೆ. ಮುಖಕ್ಕೆ ಬರೆದದ್ದು ಇದೇ ಮೊದಲು. ಮುಖ ಇದ್ದವರಿಗೆ ಕಣ್ಣೂ ಇರುತ್ತದೆ ಎಂದು ಯಾರಾದರೂ ಮೊದಲೇ ಹೇಳಬೇಕಿತ್ತು.

"ಯಾಕ್ರೀ, ಕೆಟ್ಟ ಕನಸಾ?" ಎಂದು ಹೆಂಡತಿ ಕೆನ್ನೆಗೆ ಕೈ ಒತ್ತಿಕೊಂಡೇ ಕೇಳಿದಳು.

"ಹಲ್ಲು ಹೇಗಿದೆ?" ಎಂದರು ಮೇಷ್ಟ್ರು.

"ನೋಯ್ತಿದೆ."

"ಅವಸರ ಏನಿಲ್ಲ. ಇನ್ನೊಂದಷ್ಟು ದಿನ ತಡ್ಕೋ" ಎಂದು ಮೇಷ್ಟ್ರು ಮಲಗಿದರು. ನಿನ್ನೆಯವರೆಗೂ ಹಲ್ಲು ತೋರಿಸು, ಹಲ್ಲು ತೋರಿಸು ಎಂದು ಬೆನ್ನು ಬಿದ್ದಿದ್ದ ಗಂಡ ಹೀಗೆ ಅಂದರೆ ಯಾರಿಗೆ ಅನುಮಾನ ಬಾರದು?

ವಿಷಯ ಇಷ್ಟೇ. ಅವಳು ನೋಡುವ ಚಿತ್ರದಲ್ಲಿ ಹೊಳೆ ಗುಡ್ಡ ಹತ್ತಬಾರದು. ಜೀವನದಲ್ಲಿ ಒಂದೇ ಸಲ ನೋಡುತ್ತಾಳೆ, ಅದನ್ನೂ ನೋಡಿ ನಕ್ಕುಬಿಟ್ಟರೆ? ಬೆಳಗ್ಗೆ ಮೇಷ್ಟ್ರು ಒಂದು ಚೀಲದಲ್ಲಿ ಕಾಗದ, ಪೆನ್ಸಿಲ್ಲು, ಬೇಕರಿಯ ಬನ್ನು ಹಾಕಿಕೊಂಡು, ಕೊನೆಯ ನಿಲ್ದಾಣದವರೆಗೆ ಟಿಕೆಟ್ ತೆಗೆದುಕೊಂಡು ನಿಜವಾದ ಹಳ್ಳಿಗೇ ಹೋಗಿಬಿಟ್ಟರು.

ಹಳ್ಳಿಗೆ ಇವರ ಚಿತ್ರಗಳ ವಿಷಯ ಗೊತ್ತಿದ್ದಂತೆ ಕಾಣಲಿಲ್ಲ. ಗುಡ್ಡವೇನೋ ಇತ್ತು, ಆದರೆ ಒಂದೇ. ಅದೂ ಹಸಿರಲ್ಲ, ಕಂದೂ ಅಲ್ಲ, ಯಾವ ಸೋಫಾಕ್ಕೂ ಹೊಂದದ ಒಂದು ಬಣ್ಣ. ಸೂರ್ಯ ಅದರ ಹತ್ತಿರವೂ ಸುಳಿಯದೆ ನೆತ್ತಿಯ ಮೇಲೆ ನಿಂತು ಸುಡುತ್ತಿದ್ದ. ಹೊಳೆಯಲ್ಲಿ ನೀರು ಕಲ್ಲುಗಳ ಸಂದಿಯಲ್ಲಿ ನುಸುಳಿ, ಒಂದು ಕಡೆ ನಿಂತು, ಒಂದು ಕಡೆ ಓಡಿ, ಹೇಗೆ ಬೇಕೋ ಹಾಗೆ ಹೋಗುತ್ತಿತ್ತು. ಮೇಷ್ಟ್ರು ದಿಣ್ಣೆಯ ಮೇಲೆ ಕೂತು ಬರೆಯಲು ನೋಡಿದರು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದು ಹೊಳೆಯ ಹಾಗೆ ಕಾಣಲೊಲ್ಲದು, ಯಾರೋ ಬಕೆಟ್ ಚೆಲ್ಲಿದ ಹಾಗೆ ಕಾಣುತ್ತದೆ! ಹಳೆಯ ಹಾಗೆ ಬರೆಯೋಣವೆಂದರೆ ಕಣ್ಣೆದುರಿಗೇ ನಿಜವಾದದ್ದು ಹರಿಯುತ್ತಾ ಅಣಕಿಸುತ್ತಿದೆ. ಕಣ್ಣು ಒಂದು ಹೇಳಿದರೆ ಕೈ ಇನ್ನೊಂದು ಮಾಡುತ್ತದೆ. ಇಷ್ಟು ವರ್ಷ ತಾನು ಕೈಯ ಯಜಮಾನ ಎಂದುಕೊಂಡಿದ್ದವರಿಗೆ, ಕೈಯೇ ತನ್ನನ್ನು ಸಾಕಿಕೊಂಡು ಬಂದಿದೆ ಎನ್ನುವುದು ಆ ದಿಣ್ಣೆಯ ಮೇಲೆ ಗೊತ್ತಾಯಿತು. ಗೊತ್ತಾಗಿ ಬಹಳ ಅವಮಾನವಾಯಿತು.

ಅಷ್ಟರಲ್ಲಿ ಒಂದು ಹಸು ಬಂತು. ಕೊಂಬು ನೋಡಿಕೊಳ್ಳೋಣವೆಂದು ಮೇಷ್ಟ್ರು ಸಂಭ್ರಮದಿಂದ ಪೆನ್ಸಿಲ್ ಎತ್ತಿದರು. ಅದು ಇವರ ಮುಖವನ್ನೂ ಬರೆದ ಹೊಳೆಯನ್ನೂ ಒಂದು ಸಲ ನೋಡಿ, ಚೀಲಕ್ಕೆ ಬಾಯಿ ಹಾಕಿ ಬನ್ನು ತಿಂದು, ಉಳಿದ ಕಾಗದವನ್ನೂ ಬಿಡದೆ ಮುಗಿಸಿ, ಬಾಲ ಬೀಸಿ ಹೋಯಿತು. ಕೊಂಬು ತಲೆಯ ಎರಡು ಪಕ್ಕದಲ್ಲೂ ಒಂದೊಂದು ಇದ್ದವು. ಅಷ್ಟು ಮಾತ್ರ ಖಚಿತಪಡಿಸಿಕೊಂಡು ಮೇಷ್ಟ್ರು ಹೊಟ್ಟೆ ಹಸಿದುಕೊಂಡು ಮನೆಗೆ ಬಂದರು.

ಅಲ್ಲಿಂದ ರಿಪೇರಿ ಶುರುವಾಯಿತು. ಒಂದು ರಜೆಯ ದಿನ ಹೊಳೆಯನ್ನು ಅಳಿಸಿ ಬೇರೆ ಕಡೆಯಿಂದ ಹರಿಸಿದರು. ಇನ್ನೊಂದು ದಿನ ಸೂರ್ಯನನ್ನು ಎತ್ತಿ ಪಕ್ಕಕ್ಕಿಟ್ಟರು. ಗಾಳಿಯ ದಿಕ್ಕು ಬದಲಾಯಿಸಿದರು. ಒಂದನ್ನು ತಿದ್ದಿದರೆ ಪಕ್ಕದ ಇನ್ನೊಂದು ತಪ್ಪಾಗಿ ಕಾಣುತ್ತಿತ್ತು. ಅದನ್ನು ತಿದ್ದಿದರೆ ಮೊದಲಿನದು ಮತ್ತೆ ಕೆಡುತ್ತಿತ್ತು. ಮುಂಚೆ ಒಂದು ಬೆಳಗಿನಲ್ಲಿ ಇಡೀ ಹಳ್ಳಿ ಕಟ್ಟುತ್ತಿದ್ದ ಮನುಷ್ಯ ಈಗ ಇಡೀ ದಿನ ಮಲಗಿ ಒಂದು ಬಂಡೆ ಮುಗಿಸಿದರೆ ಹೆಚ್ಚು. ಫರ್ನಿಚರ್ ಅಂಗಡಿಯವರು ಹೇಳಿ ಕಳಿಸಿದರೆ ಪುರುಸೊತ್ತಿಲ್ಲ ಎಂದುಬಿಟ್ಟರು. ಬೈದುಕೊಂಡೇ ಏಣಿ ಹತ್ತುತ್ತಿದ್ದರು, ಬೈದುಕೊಂಡೇ ಇಳಿಯುತ್ತಿದ್ದರು, ಆದರೂ ಯಾಕೋ ಖುಷಿಯಾಗಿದ್ದರು.

ಕೊನೆಗೆ ಸೊಸೆಯೇ ಕೈ ಮುಗಿದಳು.

"ಮಾವ, ದಯವಿಟ್ಟು ಸಾಕು ಮಾಡಿ. ಒಂದೇ ಹಲ್ಲಿಗೆ ನಾಲ್ಕು ಸಲ ಬರೋರು ಇರ್ತಾರೆ. ಅವರು ಬಂದಾಗಲೆಲ್ಲ ಸೂರ್ಯ ಬೇರೆ ಕಡೆ ಇರ್ತಾನೆ. ನಿನ್ನೆ ಒಬ್ಬರು, ಮರಗಟ್ಟೋ ಇಂಜೆಕ್ಷನ್ ತಲೆಗೇ ಏರಿಬಿಟ್ಟಿದೆ ಅಂತ ಅತ್ತುಬಿಟ್ಟರು."

"ಹಸು ಒಂದು ಬಾಕಿ ಇದೆ ಕಣಮ್ಮಾ. ಹಸು ಆದ್ರೆ ಮುಗೀತು."

ಹಸುವಿನ ತಲೆಯನ್ನು ಅವತ್ತು ಕೆರೆದು ತೆಗೆದಿದ್ದರು. ಸುಣ್ಣ ಹಚ್ಚಿ ಒಣಗಲು ಬಿಟ್ಟಿದ್ದರು. ಮುಂದಿನ ರಜೆಯ ದಿನ ಹೊಸ ತಲೆ, ಎರಡು ಪಕ್ಕಕ್ಕೆ ಎರಡು ಕೊಂಬು. ಆಮೇಲೆ ಹೆಂಡತಿಯನ್ನು ಹೇಗಾದರೂ ಪುಸಲಾಯಿಸಿ ಕರೆತರುವುದು ಎಂದು ಲೆಕ್ಕ ಹಾಕಿಕೊಂಡಿದ್ದರು.

ಹಲ್ಲು ಇವರ ಲೆಕ್ಕ ಕೇಳಬೇಕಲ್ಲ. ಮಾರನೆಯ ಬೆಳಗ್ಗೆ ಎದ್ದಾಗ ಹೆಂಡತಿಯ ಬಲಗೆನ್ನೆ ಊದಿ ಬನ್ನಿನಂತಾಗಿತ್ತು. ಅವಳೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನಡೀರಿ. ಇದನ್ನ ಕಿತ್ತು ಹಾಕಿಸ್ಬೇಕು. ನನ್ನ ಕೈಲಾಗಲ್ಲ."

ಮೇಷ್ಟ್ರು ಓಡಿಬಂದು ಬಾಗಿಲಿಗೆ ಅಡ್ಡ ನಿಂತರು. "ಇವತ್ತಾ? ಇವತ್ತು ಬೇಡ ಕಣೇ, ಮುಂದಿನ ರಜೆ ಕಳೆದ ಮೇಲೆ ಹೋಗೋಣ."

"ಯಾಕೆ?"

"ಹಸುವಿಗೆ ತಲೆ ಇಲ್ಲ."

"ನನಗೆ ಇರೋ ತಲೆ ಸಿಡಿದುಹೋಗ್ತಿದೆ!" ಎಂದು ಹೆಂಡತಿ ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. ಮೇಷ್ಟ್ರು ಅವಳ ಹಿಂದೆ ತಲೆ ತಗ್ಗಿಸಿಕೊಂಡು ನಡೆದರು.

ಕ್ಲಿನಿಕ್ಕಿನಲ್ಲಿ ಸೊಸೆ ಅತ್ತೆಯನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂರಿಸಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟಳು. ಮೇಷ್ಟ್ರು ಅದನ್ನು ಎತ್ತಿ ಹೆಂಡತಿಯ ಮೂಗಿನ ಮೇಲೆ ವಾಪಸ್ ಇಟ್ಟರು. ಸೊಸೆ ಮತ್ತೆ ತೆಗೆದಳು. ಮೇಷ್ಟ್ರು ಮತ್ತೆ ಇಟ್ಟರು.

"ಮಾವ, ಏನು ಮಾಡ್ತಿದೀರಿ?"

"ಇರಲಿ ಕಣಮ್ಮಾ, ಅವಳಿಗೆ ದೂರದ್ದು ಕಾಣಲ್ಲ."

"ಹಲ್ಲು ಕೀಳೋದಕ್ಕೆ ಅತ್ತೆ ಯಾಕೆ ದೂರದ್ದು ನೋಡ್ಬೇಕು?" ಎಂದು ಸೊಸೆ ದೀಪ ಹತ್ತಿಸಿದಳು. ಬೆಳಕು ಹೆಂಡತಿಯ ಮುಖಕ್ಕೆ ರಪ್ಪನೆ ಬಡಿಯಿತು.

"ಆ ಲೈಟ್ ಸ್ವಲ್ಪ ಪಕ್ಕಕ್ಕೆ ಸರಿಸಮ್ಮಾ."

"ಸರಿಸಿದ್ರೆ ಹಲ್ಲು ಕಾಣಲ್ಲ ಮಾವ."

"ಹಲ್ಲು ಎಲ್ಲಿಗೆ ಓಡಿಹೋಗುತ್ತೆ? ಅಲ್ಲೇ ತಾನೇ ಇರೋದು!"

ಸೊಸೆ ಮಾವನ ಭುಜ ಹಿಡಿದು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಳು. ಪುಣ್ಯಕ್ಕೆ ಕನ್ನಡಕ ಹೆಂಡತಿಯ ಮೂಗಿನ ಮೇಲೇ ಉಳಿದಿತ್ತು.

ಹೊರಗೆ ಬೆಂಚಿನ ಮೇಲೆ ಮೇಷ್ಟ್ರಿಗೆ ಕೂರಲೂ ಆಗದು, ನಿಲ್ಲಲೂ ಆಗದು. ಒಳಗೆ ನೋಡುತ್ತಿದ್ದಾಳೋ, ಕಣ್ಣು ಮುಚ್ಚಿಕೊಂಡಿದ್ದಾಳೋ? ನೋಡಿದರೆ ಮೊದಲು ಏನು ನೋಡುತ್ತಾಳೆ? ತಲೆಯಿಲ್ಲದ ಹಸುವನ್ನೇ ನೋಡುತ್ತಾಳೆ, ಇನ್ನೇನು! ಒಳಗಿನಿಂದ ಉಪಕರಣಗಳ ಸದ್ದು. ಆಮೇಲೆ ಹೆಂಡತಿಯ ದನಿ: "ಆ… ಅಆ… ಆ?"

ಮೇಷ್ಟ್ರು ಬಾಗಿಲಿಗೆ ಕಿವಿ ಹಚ್ಚಿ, "ಏನಂದಳು? ಏನಂದಳಮ್ಮಾ?" ಎಂದು ಕೂಗಿದರು.

"ಇಷ್ಟು ಬೇಗ ಮುಗಿಸ್ಬೇಡ ಅಂತ ನನಗೆ ಹೇಳ್ತಿದಾರೆ ಮಾವ! ಯಾಕೋ ನನಗೂ ಗೊತ್ತಾಗಲಿಲ್ಲ!" ಎಂದು ಒಳಗಿನಿಂದ ಸೊಸೆ ಕೂಗಿದಳು.

ಹಲ್ಲು ಕೀಳುವುದನ್ನು ಬೇಗ ಮುಗಿಸಬೇಡ ಎಂದವರನ್ನು ಮೇಷ್ಟ್ರು ಕೇಳಿರಲಿಲ್ಲ.

ಹೆಂಡತಿ ಹೊರಗೆ ಬಂದಾಗ ಬಾಯಲ್ಲಿ ಹತ್ತಿ ತುರುಕಿತ್ತು. ಒಂದು ಗಂಟೆ ಬಿಗಿಯಾಗಿ ಕಚ್ಚಿಕೊಂಡಿರಬೇಕು, ತುಟಿ ಪಿಟಕ್ಕೆನ್ನಬಾರದು ಎಂದು ಸೊಸೆಯ ಅಪ್ಪಣೆ. ಒಂದು ಗಂಟೆ! ಇಷ್ಟು ವರ್ಷ ಕಾದದ್ದು ಸಾಲದು ಎಂದು ಇನ್ನೂ ಒಂದು ಗಂಟೆ! ಮನೆ ತಲುಪಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿದ್ದೇ, ಮೇಷ್ಟ್ರು ಎದುರಿಗೆ ಸ್ಟೂಲ್ ಎಳೆದುಕೊಂಡರು.

"ನೋಡಿದೆಯಾ?"

ಹೆಂಡತಿ ತಲೆಯಾಡಿಸಿದಳು.

"ಪೂರ್ತಿ ನೋಡಿದೆಯಾ?"

ಹೂಂ ಎಂಬಂತೆ ತಲೆಯಾಡಿಸಿ, ಅಂಗೈಯನ್ನು ಮುಖದ ಮುಂದೆ ಹಿಡಿದು ಅರ್ಧ ತಿರುಗಿಸಿ ತೋರಿಸಿದಳು.

"ಹೊಳೆ ತಾನೇ? ತಿರುವು ಈಗ ಸರಿಯಾಗಿದೆ ಅಲ್ವಾ?"

ಅಲ್ಲ. ಅಂಗೈಯನ್ನು ಪೂರ್ತಿ ತಿರುಗಿಸಿದಳು, ಮುಚ್ಚಿದಳು, ಮತ್ತೆ ಅರ್ಧಕ್ಕೆ ತಂದು ನಿಲ್ಲಿಸಿದಳು.

"ಹಕ್ಕಿ ರೆಕ್ಕೆ? ಎಲೆ? ಹಸುವಿನ ಕಿವಿನಾ? ಅದಕ್ಕೆ ತಲೆಯೇ ಇಲ್ಲ, ಕಿವಿ ಎಲ್ಲಿಂದ ಬಂತೇ?"

ಹೆಂಡತಿ ಹಣೆ ಚಚ್ಚಿಕೊಂಡು, ಗಂಟೆಯಾಗುವವರೆಗೂ ತಡೆಯಲಾರದೆ ಎದ್ದು ಹೋಗಿ ಹತ್ತಿ ಉಗುಳಿ, ಬಾಯಿ ಒರೆಸಿಕೊಂಡು ಬಂದಳು.

"ಬಾಗಿಲು ಕಣ್ರೀ! ಗುಡಿಸಲ ಬಾಗಿಲು! ಅರ್ಧ ಯಾಕೆ ತೆಗೆದಿದೀರಿ?"

"ಯಾವ ಬಾಗಿಲು?"

"ಅಯ್ಯೋ, ಬರೆದೋರು ನೀವು, ನನ್ನ ಕೇಳ್ತೀರಲ್ಲ! ನಿಮ್ಮ ಮನಸ್ಸು ಸರಿಯಿದ್ದ ದಿನ ಗುಡಿಸಲ ಬಾಗಿಲು ತೆಗೆದಿರುತ್ತೆ. ಸಿಟ್ಟೋ ಬೇಜಾರೋ ಇದ್ದ ದಿನ ಹಾಕಿರುತ್ತೆ. ಮದುವೆಯಾದಾಗಿಂದ ನೋಡ್ತಿದೀನಿ. ಬಾಲ್ಕನಿಗೆ ಒಯ್ತಾ ಮೊದ್ಲು ನೋಡೋದೇ ಅದನ್ನ. ಹಾಕಿದ್ರೆ ಅವತ್ತು ನಿಮ್ಮ ತಂಟೆಗೆ ಬರ್ತಿರಲಿಲ್ಲ. ತೆಗೆದಿದ್ರೆ ಮನೆ ಸಾಮಾನಿಗೆ ದುಡ್ಡು ಕೇಳ್ತಿದ್ದೆ."

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಇದೇನು ತಮಾಷೆಯೇ ಎಂದು ಎದ್ದು ಬಾಲ್ಕನಿಗೆ ಹೋಗಿ, ಮಾರಾಟವಾಗದೆ ಉಳಿದ ಚಿತ್ರಗಳ ರಾಶಿಯನ್ನು ಹೊತ್ತು ತಂದು ನೆಲಕ್ಕೆ ಹರಡಿದರು. ಗುಡ್ಡಗಳೆಲ್ಲ ಒಂದೇ, ಸೂರ್ಯರೆಲ್ಲ ಒಂದೇ. ಆದರೆ ಬಾಗಿಲುಗಳು! ಕೆಲವು ತೆಗೆದಿದ್ದವು, ಕೆಲವು ಹಾಕಿದ್ದವು. ಒಂದನ್ನೂ ಅವರು ಯೋಚಿಸಿ ಬರೆದದ್ದಲ್ಲ. ತಾವು ಬಾಗಿಲು ಅಂತ ಒಂದನ್ನು ಬರೆಯುತ್ತಿದ್ದರು ಎನ್ನುವುದೇ ಅವರಿಗೆ ನೆನಪಿರಲಿಲ್ಲ.

ಹೆಂಡತಿ ಊದಿದ ಕೆನ್ನೆ ಹಿಡಿದುಕೊಂಡು ಕಾಲಿನ ಬೆರಳಿಂದ ಒಂದೊಂದನ್ನೇ ತೋರಿಸಿದಳು. "ಇದು ನಿಮ್ಮಣ್ಣ ಬಂದು ಜಗಳ ಮಾಡ್ಕೊಂಡು ಹೋದ ದಿನ. ಇದು ಮಗ ಪಾಸಾದ ದಿನ. ಹಸಿರು ಹಸು ಬರೆದ ದಿನಾನೂ ಬಾಗಿಲು ಹಾಕಿತ್ತು, ಅದಕ್ಕೇ ಹಸುವಿನ ಸುದ್ದಿ ಎತ್ತಲಿಲ್ಲ. ಎತ್ತಿದ್ರೆ ನೀವು ಹಾರಾಡ್ತಿದ್ರಿ."

ಮೇಷ್ಟ್ರು ನೆಲದ ಮೇಲೆ, ಚಿತ್ರಗಳ ನಡುವೆ ಕೂತುಬಿಟ್ಟರು.

"ಆದ್ರೆ ಅರ್ಧ ತೆಗೆದಿದ್ದು ಇದೇ ಮೊದಲು" ಎಂದು ಹೆಂಡತಿಯೂ ನೋವು ತಿನ್ನುತ್ತಲೇ ಪಕ್ಕದಲ್ಲಿ ಕೂತಳು. "ಮಲಗಿ ಮಲಗಿ ಯೋಚನೆ ಮಾಡಿದೆ. ಇದೇನು, ಸಿಟ್ಟೂ ಅಲ್ಲ, ಖುಷೀನೂ ಅಲ್ಲ? ಅರ್ಥವೇ ಆಗಲಿಲ್ಲ. ಅದೇ ಯೋಚನೇಲಿ ಹಲ್ಲು ಹೋಗಿದ್ದೂ ಗೊತ್ತಾಗಲಿಲ್ಲ. ಏನ್ರೀ ಅದು?"

ಮೇಷ್ಟ್ರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಹೆದರಿಕೆ ಕಣೇ" ಎಂದರು. "ನೀನು ನೋಡ್ತೀಯೋ ಇಲ್ವೋ ಅಂತ."

ಹೆಂಡತಿ ನಗಲು ಹೋಗಿ, ನೋವಾಗಿ ಅಯ್ಯಯ್ಯೋ ಎಂದು, ಮತ್ತೆ ನಕ್ಕಳು. "ಅಷ್ಟಕ್ಕೆ ಹೆದರೋದಾ? ನಾನು ನೋಡದೆ ನಿಮ್ಮ ಗುಡ್ಡಾನ ಇನ್ಯಾರು ನೋಡ್ತಾರೆ?"

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಕಿಟಕಿಯ ಬೆಳಕು ಊದಿದ ಕೆನ್ನೆಯ ಮೇಲೆ ಬಿದ್ದಿತ್ತು. ಕಣ್ಣಿನ ಕೆಳಗೆ ಸಣ್ಣ ಗೆರೆಗಳು, ಒಂದು ಹುಬ್ಬು ಇನ್ನೊಂದಕ್ಕಿಂತ ಕೊಂಚ ಮೇಲೆ. ಹೊಳೆಯನ್ನು ನೋಡಿದ ಹಾಗೆ, ಅವಸರವಿಲ್ಲದೆ ನೋಡಿದರು.

"ಏನ್ರೀ ಹಾಗೆ ನೋಡ್ತೀರಿ?"

"ಕಿವಿ ಕೆಳಗೆ ಇದೇನೇ? ಮಚ್ಚೆ ಇದೆಯಲ್ಲ ನಿಂಗೆ! ಯಾವಾಗಿಂದ?"

"ಹುಟ್ಟಿದಾಗಿಂದ" ಎಂದಳು ಹೆಂಡತಿ.